ಶಾಸಕರ ನಿಲುವು: ಮತದಾರನ ಅರಿವೆಷ್ಟು, ಊಹೆಯೆಷ್ಟು?

2020ರ ಡಿಸೆಂಬರ್ 8. ಕೇಂದ್ರ ಸರ್ಕಾರದ ಮೂರು ಕೃಷಿ ಕಾಯ್ದೆಗಳನ್ನು ವಿರೋಧಿಸಿ ರೈತ ಸಂಘಟನೆಗಳು ಭಾರತ್ ಬಂದ್‌ಗೆ ಕರೆ ಕೊಟ್ಟಿದ್ದ ದಿನ. ಅದೇ ದಿನ ಕರ್ನಾಟಕ ವಿಧಾನ ಪರಿಷತ್ತಿನಲ್ಲಿ ಭೂಸುಧಾರಣಾ ತಿದ್ದುಪಡಿ ವಿಧೇಯಕ ಮತಕ್ಕೆ ಬಂತು. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಇದ್ದ ನಿರ್ಬಂಧವನ್ನೂ, ವಾರ್ಷಿಕ 25 ಲಕ್ಷ ರೂಪಾಯಿಯ ಆದಾಯ ಮಿತಿಯನ್ನೂ ತೆಗೆದುಹಾಕುವ ವಿಧೇಯಕವದು. ಪರವಾಗಿ 37, ವಿರುದ್ಧವಾಗಿ 21 ಮತಗಳು ಬಿದ್ದು ಅದು ಅಂಗೀಕಾರವಾಯಿತು. ಆಡಳಿತಾರೂಢ ಬಿಜೆಪಿಗೆ ಆಗ ಮೇಲ್ಮನೆಯಲ್ಲಿ ಸ್ವಂತ ಬಹುಮತವಿರಲಿಲ್ಲ. ಗೆಲುವಿಗೆ ಬೇಕಾದ ಮತಗಳು ಬಂದದ್ದು ಜೆಡಿಎಸ್ ಪಾಳಯದಿಂದ.

ಅದೇ ವರ್ಷದ ಜುಲೈನಲ್ಲಿ ಈ ತಿದ್ದುಪಡಿ ಸುಗ್ರೀವಾಜ್ಞೆಯ ರೂಪದಲ್ಲಿ ಹೊರಬಿದ್ದಾಗ ಜೆಡಿಎಸ್ ನಾಯಕರು ಅದನ್ನು ವಿರೋಧಿಸಿದ್ದರು. ‘ರೈತರ ಪಕ್ಷ’ ಎಂಬುದು ಆ ಪಕ್ಷ ದಶಕಗಳಿಂದ ಕಾಯ್ದುಕೊಂಡು ಬಂದ ಬಿರುದು. ತಾವು ಎತ್ತಿದ ಆಕ್ಷೇಪಗಳಿಗೆ ಅನುಗುಣವಾಗಿ ವಿಧೇಯಕದಲ್ಲಿ ಬದಲಾವಣೆಗಳಾಗಿವೆ, ಆದ್ದರಿಂದ ಬೆಂಬಲಿಸಿದೆವು ಎಂದು ಪಕ್ಷ ಸಮರ್ಥಿಸಿಕೊಂಡಿತು. ಬೀದಿಯಲ್ಲಿದ್ದ ರೈತ ಸಂಘಟನೆಗಳು ಅದನ್ನು ಒಪ್ಪಲಿಲ್ಲ. ಆ ಸಮರ್ಥನೆ ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ. ಇಲ್ಲಿ ಗಮನಿಸಬೇಕಾದದ್ದು ಮತ್ತೊಂದು ಸಂಗತಿ. ಆ ದಿನ ಮತಗಳನ್ನು ಎಣಿಸಲಾಯಿತು. ಎಣಿಸಿದ್ದರಿಂದಲೇ ನಿಲುವು ಬಯಲಾಯಿತು, ಪ್ರಶ್ನಿಸಲು ಅವಕಾಶವಾಯಿತು. ಸದನದಲ್ಲಿ ಅಂಗೀಕಾರವಾಗುವ ಬಹುಪಾಲು ವಿಧೇಯಕಗಳಿಗೆ ಈ ಭಾಗ್ಯವಿಲ್ಲ.

ಹಾಗಾದರೆ ತನ್ನ ಪ್ರತಿನಿಧಿ ಯಾವ ವಿಷಯದಲ್ಲಿ ಯಾವ ನಿಲುವು ತಳೆದಿದ್ದಾನೆ ಎಂಬುದು ಮತದಾರನಿಗೆ ತಿಳಿಯುವುದು ಹೇಗೆ? ತಿಳಿದಿದೆ ಎಂದು ಆತ ಭಾವಿಸಿರುವುದರಲ್ಲಿ ನಿಜವೆಷ್ಟು, ಊಹೆಯೆಷ್ಟು?

ಅರವತ್ತು ವರ್ಷಗಳ ಹಿಂದಿನ ಪ್ರಶ್ನೆ

ಈ ಪ್ರಶ್ನೆಯನ್ನು ಮೊದಲು ಶಾಸ್ತ್ರೀಯವಾಗಿ ಕೈಗೆತ್ತಿಕೊಂಡವರು ಅಮೆರಿಕದ ರಾಜ್ಯಶಾಸ್ತ್ರಜ್ಞರಾದ ವಾರೆನ್ ಮಿಲ್ಲರ್ ಮತ್ತು ಡೊನಾಲ್ಡ್ ಸ್ಟೋಕ್ಸ್. 1958ರ ಸಂಸತ್ ಚುನಾವಣೆಯ ಸಂದರ್ಭದಲ್ಲಿ ಮತದಾರರನ್ನೂ ಅವರ ಪ್ರತಿನಿಧಿಗಳನ್ನೂ ಸಂದರ್ಶಿಸಿ, ಸದನದಲ್ಲಿ ಆ ಪ್ರತಿನಿಧಿಗಳು ಹಾಕಿದ ಮತಗಳೊಂದಿಗೆ ಹೋಲಿಸಿ ನೋಡಿದ ಅವರ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಫಲಿತಾಂಶ ಪ್ರಜಾಪ್ರಭುತ್ವವಾದಿಗಳನ್ನು ಬೆಚ್ಚಿಬೀಳಿಸುವಂತಿತ್ತು. ಸ್ಪರ್ಧೆ ನಡೆದ ಕ್ಷೇತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವು ಇಬ್ಬರು ಅಭ್ಯರ್ಥಿಗಳಲ್ಲಿ ಯಾರ ಬಗ್ಗೆಯೂ ಏನನ್ನೂ ಓದಿಲ್ಲ, ಕೇಳಿಲ್ಲ ಎಂದರು. ಇಬ್ಬರ ಬಗೆಗೂ ಅಷ್ಟಿಷ್ಟು ಬಲ್ಲವರು ಐವರಲ್ಲಿ ಒಬ್ಬರಿಗಿಂತ ಕಡಿಮೆ. ಬಲ್ಲವರ ಮಾತಿನಲ್ಲೂ ನೀತಿ ವಿಚಾರದ ಪ್ರಸ್ತಾಪ ಹುಡುಕಿದರೂ ಸಿಗದಷ್ಟು ವಿರಳ.

ಆದರೆ ಅದೇ ಅಧ್ಯಯನ ಮತ್ತೊಂದು ಮಾತನ್ನೂ ಹೇಳಿತು. ಕರಿಯರ ನಾಗರಿಕ ಹಕ್ಕುಗಳ ಪ್ರಶ್ನೆಯಲ್ಲಿ ಕ್ಷೇತ್ರದ ಜನಾಭಿಪ್ರಾಯಕ್ಕೂ ಪ್ರತಿನಿಧಿಯ ಮತಕ್ಕೂ ಬಲವಾದ ಹೊಂದಾಣಿಕೆ ಕಂಡುಬಂತು. ವಿದೇಶಾಂಗ ನೀತಿಯಲ್ಲಿ ಅಂಥ ಹೊಂದಾಣಿಕೆ ಇರಲಿಲ್ಲ. ಜನರ ಮನಸ್ಸನ್ನು ತಟ್ಟುವ, ಮನೆಮನೆಯ ಮಾತಾಗುವ ವಿಷಯದಲ್ಲಿ ಪ್ರತಿನಿಧಿ ಮತದಾರನ ಕಣ್ಣಿಗೆ ಬೀಳುತ್ತಾನೆ, ಅದರ ಅರಿವು ಅವನಿಗೂ ಇರುತ್ತದೆ ಎಂಬುದು ಇದರ ಅರ್ಥ. ಉಳಿದ ವಿಷಯಗಳಲ್ಲಿ ಅವನು ಬಹುಮಟ್ಟಿಗೆ ಅಗೋಚರ.

ಊಹೆಯ ಎರಡು ದಾರಿಗಳು

ಗೊತ್ತಿಲ್ಲವೆಂದ ಮಾತ್ರಕ್ಕೆ ಮತದಾರ ಅಭಿಪ್ರಾಯವನ್ನೇ ಇಟ್ಟುಕೊಳ್ಳುವುದಿಲ್ಲ ಎಂದಲ್ಲ. ಗೊತ್ತಿಲ್ಲದ ಕಡೆ ಆತ ಊಹಿಸುತ್ತಾನೆ. ಊಹೆಗೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ಪಕ್ಷದ ಗುರುತು. ಇಂಥ ಪಕ್ಷದವನಾದ್ದರಿಂದ ಇಂಥ ನಿಲುವೇ ಇರಬೇಕು ಎಂಬ ಲೆಕ್ಕಾಚಾರ. ಸ್ಟೀಫನ್ ಆನ್ಸೊಲಬೆಹರೆ ಮತ್ತು ಫಿಲಿಪ್ ಜೋನ್ಸ್ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಮೆರಿಕದ ಮತದಾರರು ನಿರ್ದಿಷ್ಟ ಮಸೂದೆಗಳಲ್ಲಿ ತಮ್ಮ ಪ್ರತಿನಿಧಿ ಹೇಗೆ ಮತ ಹಾಕಿದ ಎಂಬ ಬಗ್ಗೆ ನಂಬಿಕೆಗಳನ್ನು ಹೊಂದಿರುತ್ತಾರೆ, ಆ ನಂಬಿಕೆಗಳು ಬಹುಪಾಲು ಪಕ್ಷದ ಗುರುತಿನಿಂದ ಹುಟ್ಟುತ್ತವೆ, ಮತ್ತು ಪ್ರತಿನಿಧಿಯ ಬಗೆಗಿನ ಮೆಚ್ಚುಗೆ ಅಥವಾ ಅಸಮಾಧಾನವನ್ನು ಅವು ರೂಪಿಸುತ್ತವೆ. ಪಕ್ಷದ ಹಾದಿಯಲ್ಲೇ ನಡೆಯುವ ಪ್ರತಿನಿಧಿಯ ವಿಷಯದಲ್ಲಿ ಈ ಊಹೆ ಫಲಿಸುತ್ತದೆ. ಪಕ್ಷದಿಂದ ಭಿನ್ನವಾಗಿ ಮತ ಹಾಕುವವನ ವಿಷಯದಲ್ಲಿ ಕೈಕೊಡುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ತಾನು ಮೆಚ್ಚಿದ ನಾಯಕನ ನಿಲುವು ತನ್ನ ನಿಲುವೇ ಆಗಿರಬೇಕು ಎಂದು ಮತದಾರ ನಂಬುತ್ತಾನೆ. ಒಲ್ಲದ ನಾಯಕನ ನಿಲುವು ಇರುವುದಕ್ಕಿಂತ ಹೆಚ್ಚು ದೂರದ್ದೆಂದು ಕಾಣುತ್ತದೆ. ಮತದಾರ ನಾಯಕನಲ್ಲಿ ತನ್ನನ್ನೇ ಕನ್ನಡಿಯಲ್ಲಿ ಕಂಡಂತೆ ಕಾಣುತ್ತಾನೆ. 1968ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ವಿಯೆಟ್ನಾಂ ಯುದ್ಧವೇ ದೊಡ್ಡ ವಿಷಯವಾಗಿತ್ತು. ಆದರೆ ರಿಚರ್ಡ್ ನಿಕ್ಸನ್ ಮತ್ತು ಹ್ಯೂಬರ್ಟ್ ಹಂಫ್ರಿ ಇಬ್ಬರೂ ಅಸ್ಪಷ್ಟವಾಗಿಯೇ ಮಾತನಾಡಿದರು. ಇಬ್ಬರ ನಿಲುವುಗಳಲ್ಲಿ ಹೆಚ್ಚು ಅಂತರವಿರಲಿಲ್ಲ. ಬೆಂಜಮಿನ್ ಪೇಜ್ ಮತ್ತು ರಿಚರ್ಡ್ ಬ್ರಾಡಿ 1972ರ ತಮ್ಮ ಅಧ್ಯಯನದಲ್ಲಿ ತೋರಿಸಿದಂತೆ, ಅಂತರ ಕಂಡೆವೆಂದವರಲ್ಲಿ ಅನೇಕರು ಕಂಡದ್ದು ತಮ್ಮದೇ ಆಶಯದ ನೆರಳನ್ನು. ನಾಯಕ ಅಸ್ಪಷ್ಟವಾಗಿ ಮಾತನಾಡಿದಷ್ಟೂ ಈ ಭ್ರಮೆಗೆ ಜಾಗ ಹೆಚ್ಚು. ರಾಜಕಾರಣಿಗಳು ಖಚಿತವಾಗಿ ಮಾತನಾಡಲು ಹಿಂಜರಿಯುವುದರ ಒಂದು ಗುಟ್ಟು ಇದರಲ್ಲಿದೆ.

ಇದಕ್ಕೆ ವಿರುದ್ಧ ದಿಕ್ಕಿನ ಪ್ರಭಾವವೂ ಇದೆ. ನಾಯಕನ ನಿಲುವು ತಿಳಿದ ಮೇಲೆ ಅನೇಕ ಮತದಾರರು ತಮ್ಮ ಅಭಿಪ್ರಾಯವನ್ನೇ ಅದಕ್ಕೆ ಹೊಂದಿಸಿಕೊಳ್ಳುತ್ತಾರೆ ಎಂಬುದನ್ನು ಗೇಬ್ರಿಯಲ್ ಲೆಂಜ್ 2012ರ ತಮ್ಮ ಕೃತಿಯಲ್ಲಿ ವಿವರಿಸಿದ್ದಾರೆ. ಮತದಾರನಿಗೂ ನಾಯಕನಿಗೂ ಒಂದೇ ಅಭಿಪ್ರಾಯವಿದೆ ಎಂದಾಗ, ಯಾರು ಯಾರನ್ನು ಅನುಸರಿಸಿದರು ಎಂದು ಕೇಳಲೇಬೇಕಾಗುತ್ತದೆ.

ಧ್ವನಿಮತದ ಮರೆ

ಅಮೆರಿಕದ ಮತದಾರನ ಅಜ್ಞಾನ ಮಾಹಿತಿಯ ಕೊರತೆಯಿಂದ ಬಂದದ್ದಲ್ಲ. ಅಲ್ಲಿ ಪ್ರಮುಖ ಮಸೂದೆಗಳ ಮೇಲೆ ಪ್ರತಿ ಸದಸ್ಯ ಹಾಕಿದ ಮತ ಹೆಸರಿನ ಸಮೇತ ದಾಖಲಾಗುತ್ತದೆ. ತಿಳಿಯುವ ಮನಸ್ಸಿದ್ದವರಿಗೆ ದಾರಿ ಇದೆ. ಭಾರತದಲ್ಲಿ ತಿಳಿಯುವ ಮನಸ್ಸಿದ್ದರೂ ದಾರಿ ಅನೇಕ ವೇಳೆ ಮುಚ್ಚಿರುತ್ತದೆ.

ಸಂಸತ್ತಿಗೆ ಸಂಬಂಧಿಸಿದ ಸಂವಿಧಾನದ 100ನೇ ವಿಧಿ ಮತ್ತು ರಾಜ್ಯ ಶಾಸನಸಭೆಗಳಿಗೆ ಸಂಬಂಧಿಸಿದ 189ನೇ ವಿಧಿ ಹೇಳುವುದಿಷ್ಟೆ: ಸದನದ ಮುಂದಿನ ಪ್ರಶ್ನೆಗಳು ಹಾಜರಿದ್ದು ಮತ ಹಾಕುವ ಸದಸ್ಯರ ಬಹುಮತದಿಂದ ತೀರ್ಮಾನವಾಗಬೇಕು. ಆ ಬಹುಮತವನ್ನು ಅಳೆಯುವ ವಿಧಾನವನ್ನು ಸದನದ ನಿಯಮಗಳಿಗೆ ಬಿಡಲಾಗಿದೆ. ರೂಢಿಯಲ್ಲಿರುವುದು ಧ್ವನಿಮತ. ಪರವಾಗಿರುವವರು ‘ಹೌದು’ ಎನ್ನುತ್ತಾರೆ, ವಿರುದ್ಧವಿರುವವರು ‘ಇಲ್ಲ’ ಎನ್ನುತ್ತಾರೆ. ಪೀಠದಲ್ಲಿರುವವರ ಕಿವಿಗೆ ಯಾವ ದನಿ ದೊಡ್ಡದೆನಿಸಿತೋ ಅದರಂತೆ ತೀರ್ಮಾನ. ಯಾರು ಹೌದೆಂದರು, ಯಾರು ಇಲ್ಲವೆಂದರು, ಯಾರು ಬಾಯಿಯೇ ತೆರೆಯಲಿಲ್ಲ ಎಂಬುದಕ್ಕೆ ದಾಖಲೆ ಇರುವುದಿಲ್ಲ.

ಈ ತೀರ್ಮಾನವನ್ನು ಪ್ರಶ್ನಿಸಿ ಮತವಿಭಜನೆಗೆ ಒತ್ತಾಯಿಸುವ ಹಕ್ಕು ಸದಸ್ಯರಿಗಿದೆ. ಆದರೆ ಲೋಕಸಭೆಯ 367ನೇ ನಿಯಮದ ಪ್ರಕಾರ, ಬೇಡಿಕೆ ಅನಗತ್ಯವೆಂದು ಸ್ಪೀಕರ್‌ಗೆ ಅನಿಸಿದರೆ ಸದಸ್ಯರನ್ನು ಎದ್ದು ನಿಲ್ಲಿಸಿ ತಲೆ ಎಣಿಸಿದರೆ ಸಾಕು. ಆಗ ಹೆಸರುಗಳು ದಾಖಲಾಗುವುದಿಲ್ಲ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಗದ್ದಲದ ನಡುವೆ ಧ್ವನಿಮತದಿಂದಲೇ ಅಂಗೀಕಾರವಾದವು. ವಿರೋಧ ಪಕ್ಷಗಳು ಮತವಿಭಜನೆ ಕೇಳಿದವು. ಸದಸ್ಯರು ತಮ್ಮ ಆಸನದಲ್ಲಿದ್ದು ಕೇಳಬೇಕಿತ್ತು ಎಂಬುದು ಪೀಠದ ಉತ್ತರವಾಗಿತ್ತು. 2021ರ ನವೆಂಬರ್ 29ರಂದು ಅದೇ ಕಾಯ್ದೆಗಳನ್ನು ರದ್ದುಪಡಿಸುವ ಮಸೂದೆಯೂ ಎರಡೂ ಸದನಗಳಲ್ಲಿ ಚರ್ಚೆಯಿಲ್ಲದೆ ಧ್ವನಿಮತದಿಂದಲೇ ಮುಗಿಯಿತು. ದೇಶವನ್ನು ಒಂದು ವರ್ಷ ಕಾಲ ಅಲುಗಾಡಿಸಿದ ಕಾಯ್ದೆಗಳಿಗೆ ರಾಜ್ಯಸಭೆಯ ಯಾವ ಸದಸ್ಯ ಹೇಗೆ ಮತ ಕೊಟ್ಟ ಎಂಬುದಕ್ಕೆ ಬರುವಾಗಲೂ ದಾಖಲೆಯಿಲ್ಲ, ಹೋಗುವಾಗಲೂ ದಾಖಲೆಯಿಲ್ಲ. ಕರ್ನಾಟಕದಲ್ಲಿ 2021ರ ಫೆಬ್ರುವರಿ 8ರಂದು ಜಾನುವಾರು ಹತ್ಯೆ ಪ್ರತಿಬಂಧಕ ವಿಧೇಯಕ ವಿಧಾನ ಪರಿಷತ್ತಿನಲ್ಲಿ ಅಂಗೀಕಾರವಾದದ್ದೂ ಪ್ರತಿಭಟನೆಯ ನಡುವಿನ ಧ್ವನಿಮತದಿಂದಲೇ.

ಸಂವಿಧಾನ ತಿದ್ದುಪಡಿಯ ಮಾತು ಬೇರೆ. ಅದಕ್ಕೆ ವಿಶೇಷ ಬಹುಮತ ಬೇಕಾದ್ದರಿಂದ ಎಣಿಕೆ ಅನಿವಾರ್ಯ. 2019ರ ಜನವರಿಯಲ್ಲಿ ಆರ್ಥಿಕವಾಗಿ ದುರ್ಬಲರಿಗೆ ಶೇ 10ರಷ್ಟು ಮೀಸಲಾತಿ ಕೊಡುವ ತಿದ್ದುಪಡಿ ಲೋಕಸಭೆಯಲ್ಲಿ 323–3 ಮತಗಳಿಂದ ಅಂಗೀಕಾರವಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಮಹಿಳಾ ಮೀಸಲು ತಿದ್ದುಪಡಿಗೆ ಲೋಕಸಭೆಯಲ್ಲಿ 454 ಮತಗಳು ಪರವಾಗಿ, 2 ಮತಗಳು ವಿರುದ್ಧವಾಗಿ ಬಿದ್ದವು. ಸಾಮಾನ್ಯ ಮಸೂದೆಗಳಲ್ಲೂ ಒಮ್ಮೊಮ್ಮೆ ಎಣಿಕೆ ನಡೆಯುವುದುಂಟು. 2025ರ ಏಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ 288–232 ಮತಗಳಿಂದ ಅಂಗೀಕಾರವಾದದ್ದು ಇದಕ್ಕೆ ಉದಾಹರಣೆ.

ವಿಪ್‌ನ ನೆರಳು

ಮತ ದಾಖಲಾದರೂ ಅದು ಸದಸ್ಯನ ಸ್ವಂತ ನಿಲುವೇ ಎಂಬ ಪ್ರಶ್ನೆ ಉಳಿಯುತ್ತದೆ. 1985ರಲ್ಲಿ ರಾಜೀವ್ ಗಾಂಧಿ ಸರ್ಕಾರ ಸಂವಿಧಾನದ 52ನೇ ತಿದ್ದುಪಡಿಯ ಮೂಲಕ ಹತ್ತನೇ ಅನುಸೂಚಿಯನ್ನು ಸೇರಿಸಿತು. ಇದೇ ಪಕ್ಷಾಂತರ ನಿಷೇಧ ಕಾನೂನು. ಪಕ್ಷದ ವಿಪ್‌ಗೆ ವಿರುದ್ಧವಾಗಿ, ಮೊದಲೇ ಅನುಮತಿ ಪಡೆಯದೆ ಮತ ಹಾಕಿದರೆ ಅಥವಾ ಮತದಾನದಿಂದ ದೂರ ಉಳಿದರೆ, 15 ದಿನಗಳೊಳಗೆ ಪಕ್ಷ ಮನ್ನಿಸದಿದ್ದರೆ ಸದಸ್ಯತ್ವಕ್ಕೇ ಕುತ್ತು. ‘ಆಯಾ ರಾಮ್, ಗಯಾ ರಾಮ್’ ಸಂಸ್ಕೃತಿಗೆ ಕಡಿವಾಣ ಹಾಕುವುದು ಇದರ ಉದ್ದೇಶ. ಮೂರನೇ ಒಂದರಷ್ಟು ಸದಸ್ಯರು ಒಡೆದು ಹೋದರೆ ಮೊದಲು ಇದ್ದ ರಿಯಾಯಿತಿಯನ್ನೂ 2003ರ 91ನೇ ತಿದ್ದುಪಡಿ ತೆಗೆದುಹಾಕಿತು.

ಇದರ ಅಡ್ಡ ಪರಿಣಾಮವನ್ನು ಮೊದಲೇ ಗುರುತಿಸಿದವರುಂಟು. ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲಿ, ವಿಪ್ ಉಲ್ಲಂಘನೆಗಾಗಿ ಅನರ್ಹಗೊಳಿಸುವುದನ್ನು ಸರ್ಕಾರದ ಅಳಿವು ಉಳಿವಿನ ಮತದಾನಕ್ಕೆ ಸೀಮಿತಗೊಳಿಸಬೇಕೆಂದು ಸಲಹೆ ಮಾಡಿತು. 1992ರ ಕಿಹೊಟೊ ಹೊಲೊಹಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾನೂನನ್ನು ಬಹುಮಟ್ಟಿಗೆ ಎತ್ತಿಹಿಡಿಯಿತಾದರೂ, ವಿಶ್ವಾಸಮತ ಹಾಗೂ ಪಕ್ಷ ಜನರ ಮುಂದಿಟ್ಟು ಮತ ಕೇಳಿದ ಮೂಲಭೂತ ನೀತಿಗಳಿಗೆ ಮಾತ್ರ ಇಂಥ ವಿಪ್ ಅನ್ವಯಿಸುವುದು ಲೇಸೆಂಬ ಅಭಿಪ್ರಾಯ ಕೊಟ್ಟಿತು. ಕಾನೂನು ಆ ದಿಕ್ಕಿನಲ್ಲಿ ಬದಲಾಗಲಿಲ್ಲ.

ಹೀಗಾಗಿ ಭಾರತದಲ್ಲಿ ಪಕ್ಷದ ಗುರುತಿನಿಂದ ಸದಸ್ಯನ ಮತವನ್ನು ಊಹಿಸುವ ಮತದಾರ ಸಾಮಾನ್ಯವಾಗಿ ತಪ್ಪುವುದಿಲ್ಲ. ಆದರೆ ಆತ ಊಹಿಸಿದ್ದು ಪಕ್ಷದ ಆಜ್ಞೆಯನ್ನು, ಸದಸ್ಯನ ಮನಸ್ಸನ್ನಲ್ಲ. ಶಾಸಕನಿಗೂ ಇದೊಂದು ಅನುಕೂಲ. ಜನ ಒಪ್ಪದ ಮಸೂದೆಗೆ ಕೈಯೆತ್ತಿದ ಮೇಲೆ ‘ಮೇಲಿನವರ ಆದೇಶ’ ಎಂದು ಕ್ಷೇತ್ರದಲ್ಲಿ ಹೇಳಿ ಜಾರಿಕೊಳ್ಳಬಹುದು.

ಶಾಸಕ ಎಂದರೆ ಯಾರು?

ಇನ್ನೂ ಆಳದ ಪ್ರಶ್ನೆಯೊಂದಿದೆ. ಶಾಸಕನ ನೀತಿ ನಿಲುವನ್ನು ಮತದಾರ ಕೇಳುತ್ತಾನೆಯೇ? ಶಾಸಕನ ಮನೆಯ ಮುಂದೆ ಬೆಳಗ್ಗೆ ನೆರೆಯುವವರ ಕೈಯಲ್ಲಿರುವುದು ಪಿಂಚಣಿಯ ಅರ್ಜಿ, ಆಸ್ಪತ್ರೆಯ ಬಿಲ್, ವರ್ಗಾವಣೆಯ ಕೋರಿಕೆ, ಶಾಲೆಯ ಸೀಟಿಗೆ ಶಿಫಾರಸು. ಭಾರತದ ಜನಪ್ರತಿನಿಧಿಗಳು ತಮ್ಮ ಸಮಯದ ದೊಡ್ಡ ಪಾಲನ್ನು ಇಂಥ ವೈಯಕ್ತಿಕ ಅಹವಾಲುಗಳಿಗೆ ಕೊಡುತ್ತಾರೆ ಎಂಬುದನ್ನು ಜೆನಿಫರ್ ಬಸ್ಸೆಲ್ 2019ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ದಾಖಲಿಸಿದ್ದಾರೆ. ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯ ಅನುದಾನದಿಂದ ಬಸ್ ತಂಗುದಾಣ, ಸಮುದಾಯ ಭವನಗಳೂ ಏಳುತ್ತವೆ, ಅವುಗಳ ಮೇಲೆ ಹೆಸರೂ ಕಾಣುತ್ತದೆ. ಮಸೂದೆಗೆ ಹಾಕಿದ ಮತಕ್ಕೆ ಅಂಥ ಫಲಕವಿಲ್ಲ.

ಬೆಂಗಳೂರಿನಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ನಗರಕ್ಕೆ ಚುನಾಯಿತ ಪಾಲಿಕೆಯೇ ಇರಲಿಲ್ಲ. ಚರಂಡಿ, ಬೀದಿದೀಪ, ಕಸದ ದೂರುಗಳೆಲ್ಲ ಶಾಸಕರ ಬಾಗಿಲಿಗೇ ಬಂದವು. ಕಾನೂನು ರೂಪಿಸಬೇಕಾದವನನ್ನು ಕಸ ವಿಲೇವಾರಿಯಿಂದ ಅಳೆಯುವುದು ಅನಿವಾರ್ಯವಾಯಿತು.

2019ರ ಉಪಚುನಾವಣೆಯನ್ನು ಈ ಬೆಳಕಿನಲ್ಲಿ ನೋಡಬಹುದು. ಸಮ್ಮಿಶ್ರ ಸರ್ಕಾರದ ಪತನದ ಸಂದರ್ಭದಲ್ಲಿ 17 ಶಾಸಕರನ್ನು ಸ್ಪೀಕರ್ ರಮೇಶ್ ಕುಮಾರ್ ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸಲು ಅವಕಾಶ ಕೊಟ್ಟಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಮತದಾನ ನಡೆದಾಗ ಬಿಜೆಪಿ 12ರಲ್ಲಿ ಗೆದ್ದಿತು. ಬಿಜೆಪಿ ಚಿಹ್ನೆಯಡಿ ನಿಂತ 13 ಅನರ್ಹ ಶಾಸಕರಲ್ಲಿ 11 ಮಂದಿ ಆರಿಸಿ ಬಂದರು. ಅದೇ ಮುಖಗಳು, ಅದೇ ಕ್ಷೇತ್ರಗಳು, ಎರಡು ವರ್ಷವೂ ತುಂಬದ ಅಂತರ, ಬೇರೆ ಚಿಹ್ನೆ. ಸ್ಥಿರ ಸರ್ಕಾರದ ಹಂಬಲ, ಜಾತಿ ಲೆಕ್ಕಾಚಾರ, ಹಣಬಲ ಹೀಗೆ ಕಾರಣಗಳು ಹಲವಿರಬಹುದು. ಆದರೆ ಚಿಹ್ನೆಯೇ ನೀತಿಯ ಗುರುತಾಗಿದ್ದರೆ ಇಷ್ಟು ಸುಲಭದ ಮರುಆಯ್ಕೆ ಸಾಧ್ಯವಾಗುತ್ತಿರಲಿಲ್ಲ. ಕ್ಷೇತ್ರಕ್ಕೆ ಅನುದಾನ ತರಬಲ್ಲವನು ಎಂಬ ಭಾವನೆ ಪಕ್ಷವನ್ನೂ ನೀತಿಯನ್ನೂ ಹಿಂದಿಕ್ಕಿತು ಎಂದು ತೋರುತ್ತದೆ.

ಮತಕ್ಕೇ ಬಾರದ ವಿಷಯಗಳು

ಪಕ್ಷದ ಗುರುತು ಸೋಲುವ ಕಡೆ ಮತದಾರ ಜಾತಿಯ ಗುರುತನ್ನು ಹಿಡಿಯುತ್ತಾನೆ. ಕಾಂತರಾಜು ನೇತೃತ್ವದ ಹಿಂದುಳಿದ ವರ್ಗಗಳ ಆಯೋಗ 2015ರಲ್ಲಿ ನಡೆಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಕಥೆಯನ್ನೇ ನೋಡಬಹುದು. ಜಯಪ್ರಕಾಶ್ ಹೆಗ್ಡೆ ವರದಿ ಸಲ್ಲಿಸಿದ್ದು 2024ರ ಫೆಬ್ರುವರಿ 29ರಂದು. ಅದು ಸಚಿವ ಸಂಪುಟದ ಮುಂದೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಲಿಂಗಾಯತ ಮತ್ತು ಒಕ್ಕಲಿಗ ಸಮುದಾಯಗಳ ಅನೇಕ ನಾಯಕರು ಪಕ್ಷಭೇದವಿಲ್ಲದೆ ಅದರ ಅಂಕಿ ಅಂಶಗಳನ್ನು ಪ್ರಶ್ನಿಸಿದ್ದರು. ಕೊನೆಗೆ ಹೊಸ ಸಮೀಕ್ಷೆಯ ತೀರ್ಮಾನವಾಗಿ, ಅದು 2025ರ ಸೆಪ್ಟೆಂಬರ್ 22ರಂದು ಆರಂಭವಾಯಿತು. ಹತ್ತು ವರ್ಷ ಎಳೆದ ಈ ಪ್ರಕರಣದಲ್ಲಿ 2015ರ ವರದಿಯನ್ನು ಒಪ್ಪಬೇಕೇ ಬೇಡವೇ ಎಂಬ ಬಗ್ಗೆ ಸದನದ 224 ಸದಸ್ಯರು ಮತ ಹಾಕುವ ಸಂದರ್ಭವೇ ಒದಗಲಿಲ್ಲ. ಹೆಚ್ಚಿನವರ ನಿಲುವನ್ನು ಜನ ಊಹಿಸಿದ್ದು ಅವರ ಜಾತಿಯಿಂದ. ಊಹೆ ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಅವಕಾಶ ಯಾರಿಗೂ ಇರಲಿಲ್ಲ.

ಖಾಸಗಿ ಉದ್ದಿಮೆಗಳಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ವಿಧೇಯಕದ ಗತಿಯೂ ಇಂಥದೇ. 2024ರ ಜುಲೈ 15ರಂದು ಸಚಿವ ಸಂಪುಟ ಒಪ್ಪಿತು. ಉದ್ಯಮ ವಲಯದ ವಿರೋಧ ವ್ಯಕ್ತವಾಗುತ್ತಿದ್ದಂತೆ 17ರಂದು ತಡೆಹಿಡಿಯಲಾಯಿತು. ಕನ್ನಡಿಗರ ಉದ್ಯೋಗದ ಪರ ಭಾಷಣ ಮಾಡುವ ಶಾಸಕರಲ್ಲಿ ಎಷ್ಟು ಮಂದಿ ಆ ವಿಧೇಯಕಕ್ಕೆ ಕೈಯೆತ್ತುತ್ತಿದ್ದರು ಎಂಬುದು ತಿಳಿಯದೇ ಹೋಯಿತು. ಭಾಷಣಕ್ಕೆ ಬೆಲೆ ತೆರಬೇಕಿಲ್ಲ, ಮತಕ್ಕೆ ತೆರಬೇಕಾಗುತ್ತದೆ.

ಜನ ಗಟ್ಟಿಯಾಗಿ ಕೇಳಿದಾಗ ಚಿತ್ರ ಬದಲಾಗುವುದೂ ಉಂಟು. ಬೆಂಗಳೂರಿನ ಉಕ್ಕಿನ ಸೇತುವೆ ಯೋಜನೆಯ ವಿರುದ್ಧ 2016ರ ಅಕ್ಟೋಬರ್‌ನಲ್ಲಿ ನಾಗರಿಕರು ಮಾನವ ಸರಪಳಿ ರಚಿಸಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಮಿಲ್ಲರ್ ಮತ್ತು ಸ್ಟೋಕ್ಸ್ ಕಂಡುಕೊಂಡದ್ದಕ್ಕೆ ಇದು ಹೊಂದುತ್ತದೆ. ವಿಷಯ ಮನೆಮಾತಾದರೆ ಪ್ರತಿನಿಧಿಗೆ ಮರೆಯಲ್ಲಿ ನಿಲ್ಲುವುದು ಕಷ್ಟ.

ತಿಳಿಯುವ ದಾರಿಗಳು

ಮತದಾರನ ಮಾಹಿತಿಯ ಹಕ್ಕು ಹಿಗ್ಗಿರುವುದು ನಿಜ. 1999ರಲ್ಲಿ ಸ್ಥಾಪನೆಯಾದ ಪ್ರಜಾಸತ್ತಾತ್ಮಕ ಸುಧಾರಣಾ ಸಂಘದ ಅರ್ಜಿಯ ಮೇಲೆ 2002ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಿಂದಾಗಿ ಅಭ್ಯರ್ಥಿಯ ಆಸ್ತಿ, ಸಾಲ, ವಿದ್ಯಾರ್ಹತೆ, ಕ್ರಿಮಿನಲ್ ಪ್ರಕರಣಗಳು ಪ್ರಮಾಣಪತ್ರದ ಮೂಲಕ ಬಯಲಾಗುತ್ತಿವೆ. ಅಭ್ಯರ್ಥಿಯ ಬಳಿ ಎಷ್ಟು ಚಿನ್ನವಿದೆ ಎಂಬುದು ಗೊತ್ತಾಗುತ್ತದೆ. ಭೂಸುಧಾರಣೆಯ ಬಗ್ಗೆ ಆತ ಏನು ಯೋಚಿಸುತ್ತಾನೆ ಎಂಬುದು ಗೊತ್ತಾಗುವುದಿಲ್ಲ. 2005ರಲ್ಲಿ ಆರಂಭವಾದ ಪಿಆರ್‌ಎಸ್ ಸಂಸ್ಥೆ ಸಂಸದರ ಹಾಜರಿ, ಪ್ರಶ್ನೆ, ಚರ್ಚೆಗಳ ಲೆಕ್ಕ ಕೊಡುತ್ತದೆ. ಆದರೆ ಹಾಜರಿ ನಿಲುವಲ್ಲ.

ರಾಜ್ಯದ ಮಟ್ಟದಲ್ಲಿ ಕಿಟಕಿ ಇನ್ನೂ ಕಿರಿದು. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು 2005ರಲ್ಲಿ ಕರ್ನಾಟಕವೇ ಕಾಯ್ದೆ ಮಾಡಿಕೊಂಡಿತು. ಅದರ ಪಾಲನೆಗಿಂತ ಉಲ್ಲಂಘನೆಯೇ ಹೆಚ್ಚು. 2019ರ ಅಕ್ಟೋಬರ್‌ನಲ್ಲಿ ಅಂದಿನ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ ಅವರು ವಿಧಾನಸಭಾ ಕಲಾಪಕ್ಕೆ ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ನಿರ್ಬಂಧಿಸಿದಾಗ ಮಾಧ್ಯಮಗಳಿಂದ ವ್ಯಾಪಕ ವಿರೋಧ ವ್ಯಕ್ತವಾಗಿತ್ತು.

ಪರಿಹಾರಕ್ಕೆ ಸಂವಿಧಾನ ತಿದ್ದುಪಡಿಯನ್ನೇ ಕಾಯಬೇಕಿಲ್ಲ. ಪ್ರತಿ ವಿಧೇಯಕದ ಅಂತಿಮ ಹಂತದಲ್ಲಿ ಹೆಸರು ಸಹಿತ ಮತವಿಭಜನೆ ಕಡ್ಡಾಯವೆಂದು ಸದನದ ನಿಯಮಾವಳಿಗೆ ಒಂದು ಸಾಲು ಸೇರಿಸಿದರೆ ಸಾಕು. ಅದು ಸದನದ ಕೈಯಲ್ಲೇ ಇರುವ ಕೆಲಸ. ಅಲ್ಲಿಯವರೆಗೆ ಮತವಿಭಜನೆಗೆ ಪಟ್ಟು ಹಿಡಿಯುವ ಹೊಣೆ ವಿರೋಧ ಪಕ್ಷಗಳದ್ದು. ಎಣಿಕೆಯಾದರೆ ತಮ್ಮ ಪಾಳಯದ ಗೈರುಹಾಜರಿಯೂ ಬಯಲಾಗುತ್ತದೆ ಎಂಬ ಅಳುಕು ಅವುಗಳಿಗೂ ಇರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಮತದಾರನೂ ‘ಏನು ಕೆಲಸ ಮಾಡಿಸಿದಿರಿ’ ಎಂಬ ಪ್ರಶ್ನೆಯ ಜೊತೆಗೆ ‘ಇಂಥ ವಿಧೇಯಕಕ್ಕೆ ಹೌದೆಂದಿರೋ ಇಲ್ಲವೆಂದಿರೋ’ ಎಂದು ಹೆಸರಿಟ್ಟು ಕೇಳಬಹುದು.

ವಿಧಾನ ಪರಿಷತ್ತಿನ ಸದಸ್ಯರನ್ನು ಸಾಮಾನ್ಯ ಮತದಾರ ನೇರವಾಗಿ ಆರಿಸುವುದಿಲ್ಲ. ಆದರೂ 2020ರ ಡಿಸೆಂಬರ್ 8ರ ಆ 37 ಮತ್ತು 21ರ ಲೆಕ್ಕ ರೈತರ ಸಭೆಗಳಲ್ಲಿ ಚರ್ಚೆಯಾಯಿತು, ಪಕ್ಷದ ನಾಯಕರು ಉತ್ತರಿಸಬೇಕಾಯಿತು. ಆ ಉತ್ತರ ಕೆಲವರಿಗೆ ಒಪ್ಪಿಗೆಯಾಗಿರಬಹುದು, ಹಲವರಿಗೆ ಆಗದಿರಬಹುದು. ಜನ ಒಪ್ಪಲು ಅಥವಾ ತಿರಸ್ಕರಿಸಲು ಅಲ್ಲೊಂದು ಖಚಿತ ಸಂಗತಿಯಿತ್ತು. ಧ್ವನಿಮತದಲ್ಲಿ ಮುಗಿದ ವಿಧೇಯಕಗಳ ವಿಷಯದಲ್ಲಿ ಮತದಾರನ ಕೈಗೆ ಅಷ್ಟೂ ಸಿಗುವುದಿಲ್ಲ. ಐದು ವರ್ಷಕ್ಕೊಮ್ಮೆ ಆತ ಶಿಕ್ಷಿಸುವುದೂ ಪುರಸ್ಕರಿಸುವುದೂ ಆಗ ಊಹೆಯ ಮೇಲೆಯೇ ನಡೆಯುತ್ತದೆ.